ತೊಟ್ಟಿ ತೊಳೆದ ವರ್ಷ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ನಿಜವಾದ ಹೆಸರಿನಿಂದ ಗುರುತಿಸುವವರು ಇಬ್ಬರೇ. ಒಂದು ಹಾಜರಿ ಪುಸ್ತಕ, ಇನ್ನೊಂದು ಮೆಮೊ. ಮಿಕ್ಕವರಿಗೆಲ್ಲ ಅವಳು ರೋಲರಕ್ಕ.

ರೋಲರ್ ಅಂದರೆ ಮಂಚದಷ್ಟು ಅಗಲದ ಉಕ್ಕಿನ ಉರುಳೆ. ಅದರ ಹೊಟ್ಟೆಯೊಳಗೆ ಹಬೆ ಓಡುತ್ತಿರುತ್ತದೆ. ಈಚೆಯಿಂದ ಒದ್ದೆ ಶೀಟಿನ ಎರಡು ಮೂಲೆ ಹಿಡಿದು ಅದರ ಬಾಯಿಗೆ ಕೊಟ್ಟರೆ ಆಚೆಯಿಂದ ಗರಿಗರಿಯಾಗಿ ಹೊರಬರುತ್ತದೆ. ಈಚೆ ನಿಂತು ಉಣಿಸುವುದು ರೋಲರಕ್ಕನ ಕೆಲಸ. ಆಚೆ ನಿಂತು ಹಿಡಿದು ಮಡಚುವವಳಿಗೆ ಲಾಂಡ್ರಿಯವರೆಲ್ಲ ಸೇರಿ ಇಟ್ಟ ಹೆಸರು ಆಚೆಯಮ್ಮ. ದಿನಕ್ಕೆ ಆರುನೂರು ಶೀಟು. ಇಬ್ಬರ ನಡುವೆ ಹಬೆ ಎಷ್ಟು ದಟ್ಟವಾಗಿರುತ್ತಿತ್ತೆಂದರೆ, ಹನ್ನೆರಡು ವರ್ಷ ಜೊತೆಯಲ್ಲಿ ದುಡಿದರೂ ಒಬ್ಬರ ಮುಖವನ್ನು ಒಬ್ಬರು ಸರಿಯಾಗಿ ನೋಡುತ್ತಿದ್ದದ್ದು ಚಹಾದ ಹೊತ್ತಿನಲ್ಲಿ ಮಾತ್ರ. ರೋಲರಕ್ಕ ರೋಲರಿನ ಮುಂದೆ ನಿಲ್ಲತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವಳ ಕೈಯಿಂದ ಒಂದೇ ಒಂದು ಶೀಟೂ ಸುಟ್ಟಿರಲಿಲ್ಲ.

ಮೊನ್ನೆ ಗುರುವಾರ ಸುಟ್ಟಿತು.

ಎಂಟು ತಿಂಗಳಿಂದ ಅವಳಿಗೆ ಹೀಗೆ ಆಗುತ್ತಿತ್ತು. ಹೊಟ್ಟೆಯ ತಳದಲ್ಲೆಲ್ಲೋ ಯಾರೋ ಒಲೆ ಹಚ್ಚಿದಂತಾಗಿ, ಉರಿ ಎದೆಗೆ ಏರಿ, ಕುತ್ತಿಗೆ ಹತ್ತಿ, ಕಿವಿ ಕೆಂಪಗೆ ಮಾಡಿ, ನೆತ್ತಿಯಲ್ಲಿ ಹೊರಗೆ ಹೋಗಲು ದಾರಿ ಸಿಗದೆ ಅಲ್ಲೇ ಸುತ್ತುತ್ತಿತ್ತು. ಆಮೇಲೆ ಬೆವರು. ಬೆವರು ಆರುವಷ್ಟರಲ್ಲಿ ಚಳಿ. ಮುಟ್ಟು ನಿಲ್ಲುವ ಕಾಲ ಎಂದು ಅವಳಿಗೂ ಗೊತ್ತಿತ್ತು. ವಯಸ್ಸು ನಲವತ್ತೊಂಬತ್ತು, ಲೆಕ್ಕ ತಪ್ಪುವ ಮಾತೇ ಇರಲಿಲ್ಲ. ಮನೆಯಲ್ಲಾದರೆ ಸೆರಗನ್ನೋ ಪೇಪರನ್ನೋ ಬೀಸಿಕೊಂಡು ಸುಧಾರಿಸಿಕೊಳ್ಳಬಹುದಿತ್ತು. ಹಬೆ ತುಂಬಿದ ಉರುಳೆಯ ಮುಂದೆ ಏನು ಬೀಸಿಕೊಂಡರೇನು? ಅಂದು ಒಳಗಿನ ಒಲೆಯೂ ಹೊರಗಿನ ಉರುಳೆಯೂ ಒಟ್ಟಿಗೆ ಸೇರಿಕೊಂಡವು. ಅವಳು ಕೆಂಪು ಗುಂಡಿ ಒತ್ತಿ ರೋಲರ್ ನಿಲ್ಲಿಸಿದಳು. ಹಿಂಡಿಟ್ಟ ಒದ್ದೆ ಶೀಟೊಂದನ್ನು ಎಳೆದು ತಲೆಯಿಂದ ಸೊಂಟದವರೆಗೆ ಹೊದ್ದುಕೊಂಡು ಗೋಡೆಗೆ ಆತು ನಿಂತಳು.

ರೋಲರ್ ನಿಂತರೂ ಅದರ ಬಿಸಿ ನಿಲ್ಲುವುದಿಲ್ಲ. ಅರ್ಧ ಒಳಗೆ ಹೋಗಿದ್ದ ಶೀಟು ಅಲ್ಲೇ ಕೂತು ಕಂದು ಬಣ್ಣಕ್ಕೆ ತಿರುಗಿತು. ಅದು ಆಪರೇಷನ್ ಕೋಣೆಗೆ ಹೋಗಬೇಕಿದ್ದ ಶೀಟು.

ಸುಟ್ಟ ವಾಸನೆಗೆ ಸೂಪರ್‌ವೈಸರ್ ತನ್ನ ಗಾಜಿನ ಕೋಣೆಯಿಂದ ಓಡಿಬಂದ. ಈತನ ಅಡ್ಡಹೆಸರು ಚಾರ್ಟಪ್ಪ. ಲಾಂಡ್ರಿಯ ಉಷ್ಣಾಂಶವನ್ನು ಎರಡು ಗಂಟೆಗೊಮ್ಮೆ ನೋಡಿ ಚಾರ್ಟಿನಲ್ಲಿ ಬರೆಯುವುದು ಅವನ ಕರ್ತವ್ಯಗಳಲ್ಲಿ ಒಂದು. ಕರ್ತವ್ಯದಲ್ಲಿ ಅವನಿಗೆ ಎಷ್ಟು ಶ್ರದ್ಧೆಯೆಂದರೆ, ಸೋಮವಾರ ಬೆಳಿಗ್ಗೆಯೇ ಶನಿವಾರ ಸಂಜೆಯವರೆಗಿನದನ್ನೆಲ್ಲ ಬರೆದು ಮುಗಿಸಿಬಿಡುತ್ತಿದ್ದ. ಚಾರ್ಟಿನ ಎಲ್ಲ ಚೌಕಗಳಲ್ಲೂ ಇಪ್ಪತ್ತೇಳು. ಸುಳ್ಳೆಂದು ಹೇಳುವ ಹಾಗೂ ಇರಲಿಲ್ಲ. ಥರ್ಮಾಮೀಟರ್ ನೇತುಹಾಕಿದ್ದದ್ದು ಅವನ ಕೋಣೆಯೊಳಗೆ, ಕೂಲರಿನ ಎದುರಿಗೆ. ಅಲ್ಲಿ ಯಾವಾಗಲೂ ಇಪ್ಪತ್ತೇಳೇ.

"ಏನಮ್ಮ ಇದು, ಭೂತದ ಹಾಗೆ ಶೀಟ್ ಹೊದ್ದುಕೊಂಡು ನಿಂತಿದೀರಿ?"

"ಸೆಕೆ ಸಾರ್. ತಡೆಯೋಕಾಗಲಿಲ್ಲ."

"ಸೆಕೆ ಎಲ್ಲಿದೆ? ಚಾರ್ಟ್ ನೋಡಿ, ಇಪ್ಪತ್ತೇಳು. ರೂಮ್ ಸರಿಯಾಗೇ ಇದೆ. ಸೆಕೆ ಇರೋದು ನಿಮ್ಮೊಳಗೆ." ಆಮೇಲೆ ದನಿ ತಗ್ಗಿಸಿ, ತಾನು ಬಹಳ ತಿಳಿದವನು ಎಂಬಂತೆ, "ಈ ವಯಸ್ಸಲ್ಲಿ ಹೆಂಗಸರಿಗೆ ಹೀಗೆಲ್ಲ ಆಗುತ್ತಂತಲ್ಲ? ಇತ್ತೀಚೆಗೆ ನಿಮಗೆ ಕೋಪಾನೂ ಮೂಗಿನ ತುದೀಲೇ ಇದೆ," ಎಂದ.

ಇದೊಂದು ವಿಚಿತ್ರ. ಸ್ವಂತ ಕೈಯಿಂದ ಒಂದು ವಾರದ ಹವೆಯನ್ನು ಮುಂಚಿತವಾಗಿ ಬರೆದಿಡುವವನ ಮೇಲೆ ಕೋಪ ಬಂದರೆ, ಕಾರಣ ಹೆಂಗಸಿನ ವಯಸ್ಸು! ಅದೇ ಕೋಪ ಮೂವತ್ತನೇ ವಯಸ್ಸಿನಲ್ಲೂ ಅವಳಿಗಿತ್ತು. ಆಗ ನುಂಗಿಕೊಳ್ಳುತ್ತಿದ್ದಳು. ಈಗ ಗಂಟಲಿನಲ್ಲಿ ಜಾಗವಿರಲಿಲ್ಲ, ಅಷ್ಟೇ.

ಶುಕ್ರವಾರ ಮೆಮೊ ಬಂತು. ಸೋಮವಾರದೊಳಗೆ ಡಾಕ್ಟರರಿಂದ ಚೀಟಿ ತರಬೇಕು, ರೋಲರಿನ ಕೆಲಸಕ್ಕೆ ಯೋಗ್ಯಳೆಂದು. ಇಲ್ಲವಾದರೆ ಹೊಲಿಗೆ ಮೇಜು.

ಹೊಲಿಗೆ ಮೇಜು ಇದ್ದದ್ದು ಮೆಟ್ಟಿಲಿನ ಕೆಳಗೆ. ಹರಿದ ದಿಂಬಿನ ಚೀಲ, ಗುಂಡಿ ಕಿತ್ತ ಕೋಟು ಎಲ್ಲ ಅಲ್ಲಿಗೆ ಬರುತ್ತಿದ್ದವು. ಐವತ್ತರ ಆಸುಪಾಸಿನ ಹೆಂಗಸರೂ ಅಲ್ಲಿಗೇ ಹೋಗುತ್ತಿದ್ದರು. ರೋಲರಕ್ಕನಿಗಿಂತ ಮೊದಲು ರೋಲರ್ ನಡೆಸುತ್ತಿದ್ದವಳು ಅಲ್ಲಿಗೆ ಹೋದಳು. ತೊಳೆಯುವ ಯಂತ್ರದವಳೂ ಹೋದಳು. ಹೋದವರು ಯಾರೂ ತಿರುಗಿ ಬಂದದ್ದಿಲ್ಲ. "ಪಾಪ, ಅವಳಿಗೆ ಸಿಡುಕು ಜಾಸ್ತಿಯಾಗಿತ್ತು" ಎಂದು ಆಗ ರೋಲರಕ್ಕನೂ ಹೇಳಿದ್ದಳು.

ಮನೆಯಲ್ಲಿ ಗಂಡನಿಗೆ ಮೆಮೊ ತೋರಿಸಿದಳು. ಅವನು ವಿದ್ಯುತ್ ಇಲಾಖೆಯ ಮೀಟರ್ ರೀಡರ್. ಯಾರ ಮನೆಯಲ್ಲಿ ಎಷ್ಟು ಉರಿದಿದೆ ಎಂದು ಗೇಟಿನಾಚೆಯಿಂದಲೇ ಹೇಳಬಲ್ಲ ಮನುಷ್ಯ. ಸ್ವಂತ ಮನೆಯೊಂದನ್ನು ಬಿಟ್ಟು.

"ಬಿಪಿ ಚೆಕ್ ಮಾಡಿಸಿಬಿಡು," ಎಂದ.

ಗಂಡಸರ ಪೈಕಿ ಈ ವಿಷಯದಲ್ಲಿ ಬಾಯಿ ಬಿಡುವವರೇ ಕಡಿಮೆ. ಬಿಟ್ಟ ನಾಲ್ಕು ಜನರೂ ಬಿಪಿಯ ಆಚೆಗೆ ಹೋದದ್ದಿಲ್ಲ.

ಅತ್ತೆಯ ಹತ್ತಿರ ಅವಳು ಹಿಂದೊಮ್ಮೆ ವಿಚಾರಿಸಿದ್ದಳು. ಎಪ್ಪತ್ತೊಂಬತ್ತರ ಮುದುಕಿ ಬಟ್ಟೆ ಮಡಚುತ್ತಲೇ, "ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲಮ್ಮ" ಎಂದು ಮಾತಿನ ಬಾಗಿಲು ಹಾಕಿಬಿಟ್ಟಿದ್ದರು. ಓರಗಿತ್ತಿಯೂ ಅಷ್ಟೇ. ಅವಳು ತಂಪು ಹವೆಯ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವಳು. "ನಂಗೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಎಲ್ಲ ಮನಸ್ಸಿನಲ್ಲಿರೋದು ಕಣೇ" ಎಂದಿದ್ದಳು. ಹಾಗೆನ್ನುವಾಗ ಅವಳ ಕೈಚೀಲದಲ್ಲಿ ಬ್ಯಾಟರಿಯ ಪುಟ್ಟ ಫ್ಯಾನೊಂದು ಇಣುಕುತ್ತಿತ್ತು. ಮನಸ್ಸಿಗೆ ಗಾಳಿ ಹಾಕಿಕೊಳ್ಳಲು ಇರಬೇಕು.

ಶನಿವಾರ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸರದಿಯಲ್ಲಿ ಕೂತಳು. ಡಾಕ್ಟರಮ್ಮನಿಗೆ ಮೂವತ್ತು ದಾಟಿರಲಿಲ್ಲ. ಮುಖಕ್ಕಿಂತ ಮೊದಲು ರೋಲರಕ್ಕ ಗುರುತಿಸಿದ್ದು ಕೋಟನ್ನು. ಎಡಜೇಬಿನಲ್ಲಿ ನೀಲಿ ಇಂಕಿನ ಕಲೆ, ವಾರಕ್ಕೆರಡು ಸಲ ಕೆಳಗೆ ಬರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಡಾಕ್ಟರಮ್ಮ ಒಳ್ಳೆಯ ಹುಡುಗಿಯೇ. ತಾಳ್ಮೆಯಿಂದ ಕೇಳಿದಳು, ಬಿಪಿ ನೋಡಿದಳು. ಬಿಪಿ ಸರಿಯಾಗಿತ್ತು, ಗಂಡನಿಗೆ ನಿರಾಶೆಯಾಗುವಷ್ಟು.

"ಇದು ಕಾಯಿಲೆ ಅಲ್ಲಮ್ಮ, ಸಹಜ. ಆದ್ರೆ ತೊಂದ್ರೆ ಆಗೋದು ನಿಜ. ತುಂಬಾ ಆದ್ರೆ ಮಾತ್ರೆ ಇದೆ, ಬನ್ನಿ ನೋಡೋಣ. ಸದ್ಯಕ್ಕೆ ತೆಳ್ಳಗಿನ ಬಟ್ಟೆ ಹಾಕ್ಕೊಳ್ಳಿ, ಟೆನ್ಷನ್ ಮಾಡ್ಕೋಬೇಡಿ. ಮುಖ್ಯವಾಗಿ, ಬಿಸಿ ಇರೋ ಜಾಗಕ್ಕೆ ಹೋಗಬೇಡಿ."

ರೋಲರಕ್ಕ ಅವಳನ್ನೇ ನೋಡಿದಳು. "ನಿಮ್ಮ ಕೋಟು ಯಾರು ಇಸ್ತ್ರಿ ಮಾಡ್ತಾರೆ ಅಂತ ಗೊತ್ತಾ ಡಾಕ್ಟ್ರೇ?"

ಡಾಕ್ಟರಮ್ಮ ಕೋಟು ನೋಡಿಕೊಂಡಳು. ಜೇಬಿನ ಕಲೆಯ ಮೇಲೆ ಕೈ ಇಟ್ಟಳು. "ಅಯ್ಯೋ," ಎಂದಳು. ಆಮೇಲೆ ಬರೆದಳು: ಕೆಲಸಕ್ಕೆ ಯೋಗ್ಯ. ಬಿಸಿಯಾದ ಸ್ಥಳವನ್ನು ತಪ್ಪಿಸುವುದು ಅಗತ್ಯ.

"ನಿಮ್ಮ ತಾಯಿಗೆ ಹೇಗಾಗಿತ್ತು?"

"ನನ್ನ ಮದುವೆಗೆ ಮುಂಚೆನೇ ತೀರಿಹೋದರು."

"ಹಾಗಾದ್ರೆ ಮನೇಲಿ ದೊಡ್ಡವರನ್ನ ಕೇಳಿ. ನಾವು ಓದಿರೋದಕ್ಕಿಂತ ಅವರು ಅನುಭವಿಸಿರೋದು ಜಾಸ್ತಿ."

ಚೀಟಿ ಹಿಡಿದು ಮೆಟ್ಟಿಲಿಳಿಯುವಾಗ ಅವಳಿಗೆ ಹೊಳೆಯಿತು. 'ಯೋಗ್ಯ' ಎಂಬುದನ್ನು ಚಾರ್ಟಪ್ಪ ಓದುವುದಿಲ್ಲ, 'ಬಿಸಿ' ಎಂಬುದನ್ನು ಓದುತ್ತಾನೆ. ಒಳ್ಳೆಯ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ತನ್ನನ್ನು ಮೆಟ್ಟಿಲಿನ ಕೆಳಗೆ ಕೂರಿಸಿದ್ದಳು.

ಭಾನುವಾರ ಭಾವನ ಸಂಸಾರ ಊಟಕ್ಕೆ ಬರುವುದು ರೂಢಿ. ಭಾವ ಶಾಲೆಯೊಂದರ ಹೆಡ್ಮಾಸ್ಟರ್. ಪಕ್ಕದಲ್ಲಿರುವವರ ಜೊತೆ ಮಾತಾಡಿದರೂ ಕೊನೆಯ ಬೆಂಚಿಗೆ ಕೇಳಿಸುವ ಕಂಠ.

"ಏನಮ್ಮಾ, ಆಸ್ಪತ್ರೆ ಶೀಟ್ ಸುಟ್ಟು ಹಾಕಿದೆಯಂತೆ? ಒದ್ದೆ ಬಟ್ಟೆ ಹೊದ್ದುಕೊಂಡು ನಿಂತಿದ್ದೆಯಂತೆ?" ಎಂದು ತಟ್ಟೆಗೆ ಕೈ ಹಾಕುತ್ತಲೇ ಶುರು ಮಾಡಿದರು. ಗಂಡ ತಲೆ ತಗ್ಗಿಸಿದ. ಸುದ್ದಿ ಎಲ್ಲಿಂದ ಹೋಯಿತೆಂದು ಕೇಳುವ ಅಗತ್ಯವೇ ಇರಲಿಲ್ಲ. "ನಮ್ಮನೇಲಿ ಇದೇನು ಹೊಸದಲ್ಲ ಬಿಡು. ಅಮ್ಮ ತೊಟ್ಟಿ ತೊಳೆದ ವರ್ಷ ನೆನಪಿದೆಯೇನೋ ತಮ್ಮಾ?"

ಶುರುವಾಯಿತು. ಈ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತೈದು ವರ್ಷದಲ್ಲಿ ರೋಲರಕ್ಕ ಈ ಕತೆಯನ್ನು ನೂರು ಸಲವಾದರೂ ಕೇಳಿದ್ದಳು. ಹಿತ್ತಲಿನಲ್ಲಿ ಎದೆಮಟ್ಟದ ಸಿಮೆಂಟಿನ ನೀರಿನ ತೊಟ್ಟಿ. ಒಂದು ವರ್ಷ ಅತ್ತೆಗೆ ಇದ್ದಕ್ಕಿದ್ದಂತೆ ಅದನ್ನು ತೊಳೆಯುವ ಹುಚ್ಚು ಹಿಡಿಯಿತಂತೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಬಿಟ್ಟು ಓಡಿಹೋಗಿ ಒಮ್ಮೆ. ಬ್ರಷ್ ಹಿಡಿದು ನೀರಿಗಿಳಿದರೆ ಕರೆದರೂ ಬರುತ್ತಿರಲಿಲ್ಲವಂತೆ.

"ಪಕ್ಕದ ಮನೆಯವರು ಬೇಲಿ ಮೇಲೆ ಸಾಲಾಗಿ ನಿಂತು ನೋಡೋರು!" ಭಾವ ಒಂದು ಕೈಯಲ್ಲಿ ತುತ್ತು ಹಿಡಿದು ಇನ್ನೊಂದು ಕೈಯಲ್ಲಿ ಗಾಳಿಯನ್ನು ತಿಕ್ಕಿ ತೋರಿಸಿದರು. "ನನಗೆ ಹುಡುಗಿ ಕಡೆಯವರು ಮನೆ ನೋಡೋಕೆ ಬಂದರೆ, ಬೀಗಿತ್ತಿ ತೊಟ್ಟಿಯೊಳಗಿಂದ ತಲೆ ಎತ್ತಿ 'ಬನ್ನಿ ಬನ್ನಿ' ಅಂತಾಳೆ! ಕೊನೆಗೆ ಅಪ್ಪ ತಗಡಿನ ಮುಚ್ಚಳ ಮಾಡಿಸಿ ಬೀಗ ಜಡಿದುಬಿಟ್ಟರು. ಬೀಗದ ಕೈ ಅವರ ಜೇಬಲ್ಲಿ!"

ಎಲ್ಲರೂ ನಕ್ಕರು. ಇಪ್ಪತ್ತೈದು ವರ್ಷದ ಅಭ್ಯಾಸದಿಂದ ರೋಲರಕ್ಕನ ಬಾಯಿಯೂ ನಗಲು ತೆರೆಯಿತು. ತೆರೆದದ್ದು ಹಾಗೇ ನಿಂತಿತು. ಮೊನ್ನೆ ಗುರುವಾರದ ಒದ್ದೆ ಶೀಟಿನ ತಂಪು ಅವಳ ಬೆನ್ನ ಮೇಲೆ ಮತ್ತೆ ಬಂದು ಕೂತಿತ್ತು.

"ಭಾವ, ಆಗ ಅತ್ತೆಗೆ ಎಷ್ಟು ವಯಸ್ಸು?"

"ಅದ್ಯಾಕಮ್ಮಾ ಈಗ? ನನ್ನ ಮದುವೆ ವರ್ಷ. ಮೂವತ್ತು ವರ್ಷ ಆಯ್ತು. ಅಂದ್ರೆ..." ಹೆಡ್ಮಾಸ್ಟರ್ ಲೆಕ್ಕ ಹಾಕುತ್ತ ಬೆರಳು ಮಡಚಿದರು.

"ನಲವತ್ತೊಂಬತ್ತು," ಎಂದರು ಅತ್ತೆ.

ಈ ಕತೆ ಹೇಳುವಾಗ ಅತ್ತೆ ಬಾಯಿ ಬಿಟ್ಟದ್ದು ಅದೇ ಮೊದಲು. ಯಾವಾಗಲೂ ತಟ್ಟೆ ನೋಡಿಕೊಂಡು ಉಣ್ಣುವವರು ಈಗ ಕೈ ನಿಲ್ಲಿಸಿದ್ದರು.

"ತೊಟ್ಟಿ ಕೊಳೆಯಾಗಿರಲಿಲ್ಲ ಕಣೋ. ನೀರು ತಣ್ಣಗಿತ್ತು."

"ಏನಮ್ಮ?"

"ನೀರು ತಣ್ಣಗಿತ್ತು ಅಂದೆ. ಹೊಟ್ಟೆಯಿಂದ ಎದ್ದು ನೆತ್ತಿ ತನಕ ಬರೋದು ಉರಿ. ಸುಮ್ಮನೆ ಹೋಗಿ ನೀರಲ್ಲಿ ನಿಂತರೆ ಜನ ಏನಂತಾರೆ? ಕೈಯಲ್ಲಿ ಒಂದು ಬ್ರಷ್ ಇದ್ದರೆ ಯಾರೂ ಕೇಳಲ್ಲ. ಹೆಂಗಸು ಕೆಲಸ ಮಾಡ್ತಿದಾಳೆ ಅಂದ್ಕೋತಾರೆ."

ಓರಗಿತ್ತಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಅಪ್ಪನಿಗೆ ಹೇಳಬೇಕಿತ್ತಮ್ಮ," ಎಂದರು ಭಾವ, ಕೊನೆಯ ಬೆಂಚಿಗೆ ಕೇಳಿಸದಷ್ಟು ಮೆಲ್ಲಗೆ.

"ಹೇಳಿದೆ. ಹೇಳಿದ ಮಾರನೇ ದಿನವೇ ಬೀಗ ಬಂದದ್ದು."

"ಮತ್ತೆ ನಾನು ಕೇಳಿದಾಗ ಯಾಕೆ ಹೇಳಲಿಲ್ಲ ಅತ್ತೆ?" ರೋಲರಕ್ಕ ಕೇಳಿದಳು. "ನಮ್ಮ ಕಾಲದಲ್ಲಿ ಇರಲಿಲ್ಲ ಅಂದ್ರಲ್ಲ?"

ಅತ್ತೆ ಸೊಸೆಯನ್ನು ನೇರವಾಗಿ ನೋಡಿದರು. "ಇಪ್ಪತ್ತೈದು ವರ್ಷ ನೀನೂ ನಗ್ತಿದ್ದೆಯಲ್ಲಮ್ಮ."

ಸೋಮವಾರ ಬೆಳಿಗ್ಗೆ ಲಾಂಡ್ರಿಯ ಮೆಟ್ಟಿಲಿಳಿದವಳ ತಲೆಯಲ್ಲಿ ಆ ಮಾತು ಮೊಳೆಯಂತೆ ಕೂತಿತ್ತು. ಚಾರ್ಟಪ್ಪನ ಮೇಲೆ ಕೋಪ, ಮಾವ ಸತ್ತು ಹದಿನಾರು ವರ್ಷವಾಗಿದ್ದರೂ ಅವರ ಜೇಬಿನ ಮೇಲೆ ಕೋಪ, ಎಲ್ಲಕ್ಕಿಂತ ಹೆಚ್ಚಾಗಿ ನಕ್ಕ ತನ್ನ ಬಾಯಿಯ ಮೇಲೆ ಕೋಪ. ಇಷ್ಟು ಕೋಪವನ್ನು ಹೊತ್ತು ಒಬ್ಬಳು ಹೊಲಿಗೆ ಮೇಜಿಗೆ ಹೋಗಿ ಗುಂಡಿ ಹಾಕುತ್ತ ಕೂರುವುದು ಆಗದ ಮಾತು.

ಚಾರ್ಟಪ್ಪ ಚೀಟಿ ಓದಿದ. ಅವಳು ಅಂದುಕೊಂಡಂತೆಯೇ ಅವನ ಬೆರಳು 'ಯೋಗ್ಯ'ವನ್ನು ಹಾರಿಸಿ 'ಬಿಸಿ'ಯ ಮೇಲೆ ನಿಂತಿತು.

"ನೋಡಿಮ್ಮ, ಡಾಕ್ಟ್ರೇ ಬರೆದಿದಾರೆ. ಬಿಸಿಯಾದ ಸ್ಥಳ ತಪ್ಪಿಸಬೇಕು ಅಂತ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಇವತ್ತಿಂದ ಹೊಲಿಗೆ ಮೇಜು."

"ಬಿಸಿಯಾದ ಸ್ಥಳ ಯಾವುದು ಸಾರ್?"

"ಇದೇ. ರೋಲರ್ ಹತ್ತಿರ."

"ಇಲ್ಲಿ ಇಪ್ಪತ್ತೇಳಲ್ವಾ?" ಅವಳು ಗೋಡೆಯ ಚಾರ್ಟಿನ ಮೇಲೆ ಬೆರಳಿಟ್ಟಳು. "ನೀವೇ ಬರೆದಿದೀರಿ. ಇವತ್ತು ಸೋಮವಾರ. ಆಗಲೇ ಶನಿವಾರ ಸಂಜೆಗೂ ಇಪ್ಪತ್ತೇಳಾಗಿದೆ. ಇಪ್ಪತ್ತೇಳು ಬಿಸಿ ಜಾಗ ಹೇಗಾಗುತ್ತೆ? ಅಷ್ಟು ತಂಪಾದ ಜಾಗದಲ್ಲಿ ನಾನು ಕೆಲಸ ಮಾಡಬಹುದು ಅಂತಲೇ ಡಾಕ್ಟ್ರು ಬರೆದಿರೋದು."

ರೋಲರಿನ ಆಚೆಯಿಂದ ಆಚೆಯಮ್ಮ ಕಿಸಕ್ಕೆಂದಳು.

ಚಾರ್ಟಪ್ಪನ ಮುಖ ನೋಡುವಂತಿತ್ತು. ಬಿಸಿ ಎಂದರೆ ಚಾರ್ಟು ಸುಳ್ಳು. ಚಾರ್ಟು ನಿಜವೆಂದರೆ ಇವಳು ರೋಲರಿನಿಂದ ಕದಲುವುದಿಲ್ಲ. ಅವನು ಬಹಳ ಯೋಚಿಸಲಿಲ್ಲ. "ಆಯ್ತಮ್ಮ, ಆಯ್ತು. ಹೋಗಿ, ರೋಲರ್ ಶುರು ಮಾಡಿ. ನನಗ್ಯಾಕೆ ತಲೆನೋವು?"

ಗೆದ್ದಿದ್ದಳು. ಅವಳ ಜಾಗ ಅವಳಿಗೆ ಸಿಕ್ಕಿತ್ತು. ಗುರುವಾರದವರೆಗಿನ ರೋಲರಕ್ಕನಾಗಿದ್ದರೆ ಅಷ್ಟಕ್ಕೇ ಸಾಕು ಎಂದು ಹೋಗಿ ಗುಂಡಿ ಒತ್ತುತ್ತಿದ್ದಳು. ಆದರೆ ಸುಳ್ಳು ಚಾರ್ಟಿನ ದಯೆಯಿಂದ ಸಿಕ್ಕ ಜಾಗದಲ್ಲಿ ನಿಂತು ಬೇಯುವುದು, ಬ್ರಷ್ ಹಿಡಿದು ತೊಟ್ಟಿಯಲ್ಲಿ ನಿಲ್ಲುವುದಕ್ಕಿಂತ ಎಷ್ಟು ಮೇಲು?

ಅವಳು ಗಾಜಿನ ಕೋಣೆಗೆ ನುಗ್ಗಿ ಥರ್ಮಾಮೀಟರನ್ನು ಮೊಳೆಯಿಂದ ಬಿಡಿಸಿಕೊಂಡು ಬಂದಳು. ರೋಲರಿನ ಪಕ್ಕ, ತಾನು ನಿಲ್ಲುವ ಜಾಗದಲ್ಲಿ, ತನ್ನ ಕತ್ತಿನ ಎತ್ತರಕ್ಕೆ ಕಂಬಕ್ಕೆ ಕಟ್ಟಿದಳು. "ಹಬೆ ಬಿಡೇ," ಎಂದು ಆಚೆಯಮ್ಮನಿಗೆ ಹೇಳಿದಳು. ತೊಳೆಯುವವರು, ಹಿಂಡುವವರು, ಮಡಚುವವರು ಎಲ್ಲ ಕೈ ಒರೆಸಿಕೊಂಡು ಬಂದು ನಿಂತರು. ಮೆಟ್ಟಿಲಿನ ಕೆಳಗಿನಿಂದ ಈಗ ಹೊಲಿಗೆ ಮೇಜಿನಲ್ಲಿದ್ದ ಇಬ್ಬರು ಎದ್ದು ಬಂದರು, ಒಬ್ಬಳ ಬಾಯಲ್ಲಿ ಇನ್ನೂ ದಾರ ಕಚ್ಚಿಕೊಂಡೇ ಇತ್ತು.

ಮೂವತ್ತೊಂದು. ಮೂವತ್ತಾರು. ಕೆಂಪು ಗೆರೆ ಏರುತ್ತಲೇ ಇತ್ತು. ನಲವತ್ತಾದಾಗ ಯಾರೋ ಹಿಂದಿನಿಂದ "ಅಯ್ಯಪ್ಪಾ" ಎಂದರು. ನಲವತ್ತಮೂರರಲ್ಲಿ ನಿಂತಿತು.

"ಬರೀರಿ ಸಾರ್," ಎಂದಳು ರೋಲರಕ್ಕ.

"ಅದೇನೋ ಕೆಟ್ಟಿರಬೇಕು..."

"ಅದೂ ಐವತ್ತರ ಹತ್ತಿರ ಬಂದಿರಬೇಕು, ಪಾಪ," ಎಂದಳು ಆಚೆಯಮ್ಮ. "ನನಗೆ ಮೂವತ್ನಾಲ್ಕು ಸಾರ್. ನನಗೂ ಇಲ್ಲಿ ಬೇಯುತ್ತೆ. ನನ್ನೊಳಗೂ ಸೆಕೆ ಇದೆಯಾ?"

ಬಾಯಿಂದ ದಾರ ತೆಗೆದು ಹೊಲಿಗೆಯವಳು ಹೇಳಿದಳು: "ನನ್ನ ಕಳಿಸಿದಾಗಲೂ ಚಾರ್ಟಲ್ಲಿ ಇಪ್ಪತ್ತೇಳೇ ಇತ್ತು. ಒಂಬತ್ತು ವರ್ಷ ಆಯ್ತು."

ಆ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು. ಆಪರೇಷನ್ ಕೋಣೆಯವರು, ಶೀಟು ಎಲ್ಲಿ ಎಂದು. ಚಾರ್ಟಪ್ಪ ಫೋನನ್ನು ನೋಡಿದ, ನಿಂತ ಹೆಂಗಸರನ್ನು ನೋಡಿದ. ಒಬ್ಬಳೂ ಕೆಲಸದ ಕಡೆ ಹೆಜ್ಜೆ ಇಡಲಿಲ್ಲ. ಅವನು ಪೆನ್ನು ತೆಗೆದು, ಸೋಮವಾರದ ಮೊದಲ ಇಪ್ಪತ್ತೇಳನ್ನು ಅಡ್ಡಗೀಟಿನಿಂದ ಹೊಡೆದು ನಲವತ್ತಮೂರು ಎಂದು ಬರೆದ. ಮೂರು ಸೊಟ್ಟಗಾಯಿತು.

"ಈಗ ಬೀಗದ ಕೈ ಕೊಡಿ."

"ಯಾವ ಬೀಗ?"

ಅವಳು ಮೇಲೆ ತೋರಿಸಿದಳು. ಛಾವಣಿಗೆ ಹತ್ತಿಕೊಂಡಂತೆ ನಾಲ್ಕು ಕಿಟಕಿ. ರಸ್ತೆಯ ಮಟ್ಟಕ್ಕಿದ್ದುದರಿಂದ ಅವುಗಳಲ್ಲಿ ಓಡಾಡುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಶೀಟಿನ ಮೇಲೆ ಧೂಳು ಬೀಳುತ್ತದೆಂದು ಅವಕ್ಕೆ ಬೀಗ ಹಾಕಿ ಎಷ್ಟೋ ವರ್ಷಗಳಾಗಿದ್ದವು. ಬೀಗದ ಕೈ ಚಾರ್ಟಪ್ಪನ ಜೇಬಿನಲ್ಲಿತ್ತು.

ಮತ್ತೊಂದು ಜೇಬು! ರೋಲರಕ್ಕ ಕೈ ಚಾಚಿಕೊಂಡೇ ನಿಂತಳು. ಅವನು ಮೇಲಿನವರನ್ನು ಕೇಳಬೇಕು, ಜಾಲರಿ ಹಾಕಿಸಬೇಕು, ನಿಯಮ ನೋಡಬೇಕು ಎಂದೆಲ್ಲ ಹೇಳಿದ. ಅವಳು ಕೈ ಮಡಚಲಿಲ್ಲ. ಫೋನು ಎರಡನೇ ಸಲ ಬಡಿದುಕೊಂಡಾಗ ಬೀಗದ ಕೈ ಅವಳ ಅಂಗೈಗೆ ಬಂತು.

ತುಕ್ಕು ಹಿಡಿದ ಕಿಟಕಿಗಳಲ್ಲಿ ಮೂರು ತೆರೆದವು, ಒಂದು ಜಪ್ಪಯ್ಯ ಅನ್ನಲಿಲ್ಲ. ಬಂದ ಗಾಳಿ ಅಂಥ ದೊಡ್ಡ ಗಾಳಿಯೇನೂ ಅಲ್ಲ. ಸಂಜೆ ಚಾರ್ಟಿನಲ್ಲಿ ಮೂವತ್ತೇಳಿತ್ತು. ಮಧ್ಯಾಹ್ನ ಎರಡು ಸಲ ಅವಳ ಹೊಟ್ಟೆಯ ಒಲೆ ಹೊತ್ತಿಕೊಂಡಿತು, ಎರಡು ಸಲವೂ ಆಚೆಯಮ್ಮ ಈಚೆಗೆ ಬಂದು ಶೀಟು ಹಿಡಿದಳು, ಇವಳು ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ನಿಂತು ಜನರ ಚಪ್ಪಲಿಗಳನ್ನು ನೋಡುತ್ತ ಗಾಳಿ ಕುಡಿದಳು. ಒಂದು ಶೀಟೂ ಸುಡಲಿಲ್ಲ. ಇಷ್ಟು ಸುಲಭದ್ದಕ್ಕೆ ಇಪ್ಪತ್ತೆರಡು ವರ್ಷ ಬೇಕಾಯಿತಲ್ಲ ಎಂದು ನೆನೆದಾಗ ಅವಳಿಗೆ ಸಮಾಧಾನವಾಗಲಿಲ್ಲ, ಮೈಯೆಲ್ಲ ಇನ್ನಷ್ಟು ಉರಿಯಿತು.

ಮನೆಗೆ ಬಂದವಳೇ ಸುತ್ತಿಗೆ ಹುಡುಕಿ ಹಿತ್ತಲಿಗೆ ಹೋದಳು. ತಾರಸಿಯ ಮೇಲೆ ಟ್ಯಾಂಕು ಬಂದ ಮೇಲೆ ಹಳೆಯ ತೊಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ. ತಗಡಿನ ಮುಚ್ಚಳ, ಅದರ ಮೇಲೆ ಒಡೆದ ಕುಂಡಗಳು, ಮುಂದೆ ಆ ಬೀಗ.

"ಏನು ಮಾಡ್ತಿದೀಯೇ?" ಗಂಡ ಬಾಗಿಲಿಗೆ ಬಂದ. "ಅದರಲ್ಲಿ ನೀರೇ ಇಲ್ಲ."

"ಗೊತ್ತು ರೀ."

"ಮತ್ತೆ ಯಾಕೆ ಒಡೀತಿದೀಯ?"

ಅವಳು ಮತ್ತೆ ಸುತ್ತಿಗೆ ಎತ್ತಿದಳು. ನಾಲ್ಕನೇ ಏಟಿಗೆ ಕೊಂಡಿ ಕಿತ್ತು ಬಂತು. ಗದ್ದಲಕ್ಕೆ ಗೋಡೆ ಹಿಡಿದು ನಿಧಾನವಾಗಿ ಬಂದ ಅತ್ತೆ ಬೀಗವನ್ನು ಎತ್ತಿಕೊಂಡು ಮುಂದೆ ಹಿಂದೆ ತಿರುಗಿಸಿ ನೋಡಿದರು.

"ತಡವಾಯ್ತು ಅತ್ತೆ," ಎಂದಳು ಸೊಸೆ. ಕ್ಷಮಿಸಿ ಎನ್ನುವ ಬದಲು ಬಾಯಿಗೆ ಬಂದದ್ದು ಅದು.

"ಮೂವತ್ತು ವರ್ಷ," ಎಂದರು ಅತ್ತೆ. ಪರವಾಗಿಲ್ಲ ಎನ್ನಲಿಲ್ಲ. ಬೀಗವನ್ನು ತೊಳೆದು, ಒರೆಸಿ, ಒಳಗೆ ತೆಗೆದುಕೊಂಡು ಹೋದರು.

ಮುಂದಿನ ಭಾನುವಾರ ಭಾವ ಊಟಕ್ಕೆ ಬಂದಾಗ ಅವರ ತಟ್ಟೆಯ ಪಕ್ಕ, ಲೋಟ ಇಡುವ ಜಾಗದಲ್ಲಿ, ಆ ಬೀಗ ಕೂತಿತ್ತು. ಭಾವ ಅದನ್ನು ನೋಡಿದರು, ಅಮ್ಮನನ್ನು ನೋಡಿದರು, ಏನೋ ತಮಾಷೆ ಹೇಳಲು ಬಾಯಿ ತೆರೆದು ಮುಚ್ಚಿದರು.

"ಉಣ್ಣು," ಎಂದರು ಅತ್ತೆ.

ಭಾವ ಸದ್ದಿಲ್ಲದೆ ಉಂಡರು. ನೀರು ಬೇಕಾಗಿತ್ತು, ಕೇಳಲಿಲ್ಲ.